ರಸಪ್ರಶ್ನೆಯ ಪಂದ್ಯಗಳಲ್ಲಿ ಅದೃಷ್ಟದ ಪಾಲೆಷ್ಟು?

ಉದ್ದವನ್ನು ಅಳೆಯಲು ಅಳತೆಪಟ್ಟಿಯಿದೆ. ತೂಕವನ್ನು ತಿಳಿಯಲು ತಕ್ಕಡಿಯಿದೆ. ಜ್ವರವನ್ನು ನೋಡಲು ಉಷ್ಣತಾಮಾಪಕವಿದೆ. ತಿಳಿವಳಿಕೆಯನ್ನು ಅಳೆಯುವ ಸಾಧನ ಯಾವುದು? ಪರೀಕ್ಷೆ ಎಂದು ವಿದ್ಯಾರ್ಥಿಗಳು ಒಡನೆಯೇ ಉತ್ತರ ಕೊಟ್ಟಾರು. ಪರೀಕ್ಷೆಯಷ್ಟು ಭಯವನ್ನುಂಟುಮಾಡದೆ, ಆಟದ ಸೊಗಸನ್ನೂ ಕೂಡಿಸಿಕೊಂಡು ಅದೇ ಕೆಲಸಕ್ಕೆ ಹೊರಟಿರುವ ಇನ್ನೊಂದು ಸಾಧನ ರಸಪ್ರಶ್ನೆ. ತಂಡಗಳು ಎದುರುಬದುರಾಗಿ ಕುಳಿತುಕೊಳ್ಳುತ್ತವೆ. ಒಬ್ಬರು ಪ್ರಶ್ನೆಗಳನ್ನು ಓದುತ್ತಾರೆ. ಇನ್ನೊಬ್ಬರು ಅಂಕಗಳನ್ನು ಬರೆದುಕೊಳ್ಳುತ್ತಾರೆ. ಒಂದು ಗಂಟೆಯ ಕೊನೆಗೆ ಈ ತಂಡ ಗೆದ್ದಿತು, ಆ ತಂಡ ಸೋತಿತು ಎಂದು ಸಾರುತ್ತಾರೆ. ಗೆದ್ದವರು ಹೆಚ್ಚು ಬಲ್ಲವರು, ಸೋತವರು ಕಡಿಮೆ ಬಲ್ಲವರು ಎಂದು ತೀರ್ಮಾನಿಸಿ ಸಭಿಕರು ಮನೆಗೆ ಹೋಗುತ್ತಾರೆ. ಸೋತ ತಂಡದ ಹುಡುಗಿಯೋ ಹುಡುಗನೋ ಅದೇ ತೀರ್ಮಾನವನ್ನು ಮನಸ್ಸಿಗೆ ಹಚ್ಚಿಕೊಂಡು, ಮುಂದಿನ ವರ್ಷ ಹೆಸರು ಕೊಡುವುದನ್ನೇ ಬಿಡುವುದುಂಟು.

ಈ ತೀರ್ಮಾನ ಎಷ್ಟರ ಮಟ್ಟಿಗೆ ಸರಿ? ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಯಾವುದೇ ಅಳತೆಯ ವಿಷಯವಾಗಿ ಕೇಳುವ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬೇಕಾಗುತ್ತದೆ: ಈ ಅಳತೆಯಲ್ಲಿರುವ ದೋಷವೆಷ್ಟು? ಅದನ್ನು ಕಡಿಮೆ ಮಾಡುವ ಬಗೆ ಹೇಗೆ?

ಆಟದ ಹಿನ್ನೆಲೆ

ಬ್ರಿಟನ್ನಿನ ಊರುಗಳಲ್ಲಿ ‘ಪಬ್’ ಎಂಬುದು ಕೇವಲ ಪಾನಗೃಹವಲ್ಲ. ದುಡಿಮೆ ಮುಗಿದ ಮೇಲೆ ನೆರೆಹೊರೆಯವರು ಕೂಡಿ ಮಾತನಾಡುವ ತಾಣವೂ ಹೌದು. ಆ ಮಟ್ಟಿಗೆ ನಮ್ಮ ಅರಳಿಕಟ್ಟೆಗೆ ಅದನ್ನು ಹೋಲಿಸಬಹುದು. ಅಲ್ಲಿ ಅನೇಕ ಪಬ್ಬುಗಳಿಗೆ ತಮ್ಮದೇ ಆದ ರಸಪ್ರಶ್ನೆಯ ತಂಡಗಳಿವೆ. ವಾರಕ್ಕೊಂದು ಗೊತ್ತಾದ ಸಂಜೆ ಈ ತಂಡಗಳು ಒಂದರ ಬೀಡಿಗೆ ಇನ್ನೊಂದು ಹೋಗಿ ಪಂದ್ಯವಾಡುತ್ತವೆ. ತಿಂಗಳುಗಟ್ಟಲೆ ನಡೆಯುವ ಈ ಪಂದ್ಯಾವಳಿಯಲ್ಲಿ ಪ್ರತಿಯೊಂದು ತಂಡವೂ ಉಳಿದ ಎಲ್ಲ ತಂಡಗಳನ್ನೂ ಸರದಿಯ ಮೇಲೆ ಎದುರಿಸುತ್ತದೆ. ಒಂದು ಸಂಜೆ ಸೋತವರು ಹೊರಬೀಳುವುದಿಲ್ಲ. ಮುಂದಿನ ವಾರ ಮತ್ತೆ ಆಡುತ್ತಾರೆ. ಇದಕ್ಕೆ ‘ಲೀಗ್’ ಪದ್ಧತಿ ಎಂದು ಹೆಸರು.

ಭಾರತದಲ್ಲಿ ಸಾರ್ವಜನಿಕ ರಸಪ್ರಶ್ನೆಯ ಆರಂಭವನ್ನು ೧೯೬೭ರಲ್ಲಿ ನೀಲ್ ಓಬ್ರಿಯನ್ ಅವರು ಕಲ್ಕತ್ತೆಯ ಒಂದು ಚರ್ಚಿನ ಸಭಾಂಗಣದಲ್ಲಿ ನಡೆಸಿದ ಸ್ಪರ್ಧೆಯಿಂದ ಎಣಿಸುವುದು ವಾಡಿಕೆ. ಬೆಂಗಳೂರಿನಲ್ಲಿ ೧೯೮೩ರಲ್ಲಿ ವಿಂಗ್ ಕಮಾಂಡರ್ ಜಿ. ಆರ್. ಮುಲ್ಕಿಯವರ ಮುಂದಾಳುತನದಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತು. ೨೦೦೦ದಲ್ಲಿ, ದೊಡ್ಡ ನಗರಗಳ ಹೊರಗಿರುವ ಶಾಲೆಗಳ ಮಕ್ಕಳಿಗಾಗಿಯೇ ಗ್ರಾಮೀಣ ಮಾಹಿತಿ ತಂತ್ರಜ್ಞಾನ ರಸಪ್ರಶ್ನೆ ಮೊದಲಾಯಿತು. ೨೦೦೨ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು ಪ್ರಾರಂಭಿಸಿದ ‘ಥಟ್ ಅಂತ ಹೇಳಿ’ ಕಾರ್ಯಕ್ರಮವು ಈ ಆಟವನ್ನು ಕನ್ನಡದಲ್ಲಿಯೇ ಮನೆಮನೆಗೂ ಕೊಂಡೊಯ್ದಿತು.

ಆದರೆ ನಮ್ಮ ಶಾಲೆ ಕಾಲೇಜುಗಳಲ್ಲಿ ರಸಪ್ರಶ್ನೆ ಹೆಚ್ಚಾಗಿ ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆ. ಸೋತ ತಂಡ ಅಂದೇ ಹೊರಗೆ. ವಾರವಾರವೂ ಆಡುವ ಲೀಗ್ ಪದ್ಧತಿಗೂ ಈ ಪದ್ಧತಿಗೂ ಇರುವ ಅಂತರ ಬರಿಯ ಅನುಕೂಲದ ಮಾತಲ್ಲ. ಅದರಲ್ಲಿ ಒಂದು ಗಣಿತವಿದೆ. ಅದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಎಂಟು ತಂಡಗಳು, ಏಳು ವಾರಗಳು

ಬೆಳಗಾವಿ ನಗರದಿಂದ ಆರು ಮತ್ತು ಖಾನಾಪುರ ತಾಲ್ಲೂಕಿನಿಂದ ಎರಡು, ಹೀಗೆ ಎಂಟು ತಂಡಗಳು ಕೂಡಿ ಒಂದು ಪಂದ್ಯಾವಳಿಯನ್ನು ಏರ್ಪಡಿಸಿಕೊಂಡಿವೆ ಎಂದು ಊಹಿಸೋಣ. ಅವು ಪ್ರತಿನಿಧಿಸುವ ಸ್ಥಳಗಳ ಹೆಸರನ್ನೇ ತಂಡಗಳಿಗೂ ಇಡೋಣ: ಕೋಟೆ, ಟಿಳಕವಾಡಿ, ಶಹಾಪುರ, ವಡಗಾವಿ, ಅನಗೋಳ, ಸದಾಶಿವನಗರ, ನಂದಗಡ, ಖಾನಾಪುರ. ಪ್ರತಿ ತಂಡವೂ ಉಳಿದ ಏಳು ತಂಡಗಳೊಡನೆ ಒಮ್ಮೊಮ್ಮೆ ಆಡಬೇಕು. ೮ನ್ನು ೭ರಿಂದ ಗುಣಿಸಿದರೆ ೫೬. ಆದರೆ ಕೋಟೆ–ಖಾನಾಪುರ ಪಂದ್ಯವೂ ಖಾನಾಪುರ–ಕೋಟೆ ಪಂದ್ಯವೂ ಒಂದೇ ಆದುದರಿಂದ ಅದರ ಅರ್ಧ, ಎಂದರೆ ೨೮ ಪಂದ್ಯಗಳು. ವಾರಕ್ಕೆ ನಾಲ್ಕರಂತೆ ಏಳು ವಾರಗಳಲ್ಲಿ ಅವು ಮುಗಿಯಬೇಕು.

ಯಾವ ವಾರ ಯಾರು ಯಾರನ್ನು ಎದುರಿಸಬೇಕೆಂಬುದನ್ನು ಮನಬಂದಂತೆ ಬರೆಯತೊಡಗಿದರೆ ಮೂರು ನಾಲ್ಕನೆಯ ವಾರಕ್ಕೆ ಗೋಜಲಾಗುತ್ತದೆ. ಇದಕ್ಕೊಂದು ಸುಲಭೋಪಾಯವಿದೆ. ತಂಡಗಳನ್ನು ಎರಡು ಸಾಲುಗಳಲ್ಲಿ ಬರೆಯಿರಿ. ಮೇಲಿನ ಸಾಲಿನಲ್ಲಿ ಎಡದಿಂದ ಬಲಕ್ಕೆ ಕೋಟೆ, ಟಿಳಕವಾಡಿ, ಶಹಾಪುರ, ವಡಗಾವಿ. ಅವುಗಳ ಕೆಳಗೆ ಅದೇ ಕ್ರಮದಲ್ಲಿ ಖಾನಾಪುರ, ನಂದಗಡ, ಸದಾಶಿವನಗರ, ಅನಗೋಳ. ಮೇಲೆ ಕೆಳಗೆ ಬಂದವರು ಮೊದಲನೆಯ ವಾರದ ಎದುರಾಳಿಗಳು.

ಎರಡನೆಯ ವಾರಕ್ಕೆ ಕೋಟೆಯನ್ನು ಕದಲಿಸದೆ, ಉಳಿದ ಏಳು ಹೆಸರುಗಳನ್ನು ಗಡಿಯಾರದ ಮುಳ್ಳು ಚಲಿಸುವ ದಿಕ್ಕಿನಲ್ಲಿ ಒಂದೊಂದು ಸ್ಥಾನ ಸರಿಸಿರಿ. ಖಾನಾಪುರ ಮೇಲಕ್ಕೇರಿ ಕೋಟೆಯ ಪಕ್ಕಕ್ಕೆ ಬರುತ್ತದೆ. ವಡಗಾವಿ ಬಲತುದಿಯಲ್ಲಿ ಕೆಳಕ್ಕಿಳಿಯುತ್ತದೆ. ಈಗ ಕೋಟೆ–ನಂದಗಡ, ಖಾನಾಪುರ–ಸದಾಶಿವನಗರ, ಟಿಳಕವಾಡಿ–ಅನಗೋಳ, ಶಹಾಪುರ–ವಡಗಾವಿ ಪಂದ್ಯಗಳು ದೊರೆಯುತ್ತವೆ. ಹೀಗೆಯೇ ವಾರಕ್ಕೊಂದು ಸ್ಥಾನ ಸರಿಸುತ್ತ ಹೋದರೆ ಏಳು ವಾರಗಳಲ್ಲಿ ಎಲ್ಲ ೨೮ ಜೋಡಿಗಳೂ ಒಂದೊಂದೇ ಸಲ ಬಂದು, ಎಂಟನೆಯ ವಾರಕ್ಕೆ ಮೊದಲಿನ ವಿನ್ಯಾಸವೇ ಮರಳುತ್ತದೆ. ಬೆಳಗಾವಿಯ ಕೋಟೆಯನ್ನು ಕಂದಕವು ಸುತ್ತುವರಿದಿರುವುದನ್ನು ಕಂಡವರು ಈ ಸೂತ್ರವನ್ನು ಮರೆಯಲಾರರು: ಕೋಟೆ ನಿಂತಲ್ಲೇ ನಿಲ್ಲುತ್ತದೆ, ಉಳಿದವರು ಸುತ್ತುತ್ತಾರೆ. ತಂಡಗಳ ಸಂಖ್ಯೆ ಬೆಸವಾಗಿದ್ದರೆ ‘ವಿರಾಮ’ ಎಂಬ ಹೆಸರಿನ ಒಂದು ಹುಸಿ ತಂಡವನ್ನು ಸೇರಿಸಿಕೊಂಡರಾಯಿತು. ಅದರ ಜೊತೆಗೆ ಬಂದವರಿಗೆ ಆ ವಾರ ಬಿಡುವು. ಚದುರಂಗದ ಪಂದ್ಯಾವಳಿಗಳ ವೇಳಾಪಟ್ಟಿಯೂ ಇದೇ ತತ್ತ್ವದಿಂದ ಸಿದ್ಧವಾಗುತ್ತದೆ.

ಒಂದೇ ಸಂಜೆಯ ಫಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ಪಂದ್ಯದಲ್ಲಿ ಪ್ರತಿ ತಂಡಕ್ಕೂ ೨೦ ಪ್ರಶ್ನೆಗಳು, ಸರಿಯುತ್ತರಕ್ಕೆ ಒಂದು ಅಂಕ ಎಂದಿಟ್ಟುಕೊಳ್ಳೋಣ. ಕೋಟೆಯ ತಂಡ ಸರಾಸರಿಯಲ್ಲಿ ನೂರಕ್ಕೆ ೬೦ ಪ್ರಶ್ನೆಗಳಿಗೂ ಖಾನಾಪುರದ ತಂಡ ನೂರಕ್ಕೆ ೫೦ ಪ್ರಶ್ನೆಗಳಿಗೂ ಉತ್ತರ ಬಲ್ಲವು. ಪ್ರಶ್ನೆಗಳು ಒಂದಕ್ಕೊಂದು ಸಂಬಂಧವಿಲ್ಲದವು. ಕೋಟೆಯ ತಂಡ ಮೇಲಾದುದೆಂಬುದರಲ್ಲಿ ಇಲ್ಲಿ ಸಂದೇಹವೇ ಇಲ್ಲ. ಅದನ್ನು ನಾವೇ ಒಪ್ಪಿಕೊಂಡು ಹೊರಟಿದ್ದೇವೆ. ಹಾಗಾದರೆ ಪಂದ್ಯವನ್ನು ಗೆಲ್ಲುವವರು ಯಾರು?

ಸರಾಸರಿಯ ಲೆಕ್ಕದಲ್ಲಿ ಕೋಟೆಗೆ ೧೨, ಖಾನಾಪುರಕ್ಕೆ ೧೦ ಅಂಕಗಳು ಬರಬೇಕು. ಆದರೆ ಸರಾಸರಿ ಎಂಬುದು ಪ್ರತಿ ಸಂಜೆಯೂ ತಪ್ಪದೆ ಬರುವ ಸಂಖ್ಯೆಯಲ್ಲ. ಅಂದಿನ ೨೦ ಪ್ರಶ್ನೆಗಳು ತಂಡಕ್ಕೆ ಗೊತ್ತಿರುವ ಭಾಗದಿಂದಲೇ ಹೆಚ್ಚು ಬಂದಾವು, ಗೊತ್ತಿಲ್ಲದ ಭಾಗದಿಂದಲೇ ಹೆಚ್ಚು ಬಂದಾವು. ವಾಚಕರು ಒಂದು ನಾಣ್ಯವನ್ನು ೨೦ ಸಲ ಚಿಮ್ಮಿ ನೋಡಬಹುದು. ಹತ್ತು ಸಲ ತಲೆಮುಖ ಬರಬೇಕೆಂದು ನಿರೀಕ್ಷೆ. ಇಡೀ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದರೆ, ಸುಮಾರು ನಾಲ್ಕರಲ್ಲಿ ಮೂರು ಸಲ ಫಲವು ೮ರಿಂದ ೧೨ರೊಳಗೆ ಇರುತ್ತದೆ. ಉಳಿದ ಒಂದು ಸಲ ೭ ಅಥವಾ ಅದಕ್ಕಿಂತ ಕಡಿಮೆ, ಇಲ್ಲವೆ ೧೩ ಅಥವಾ ಅದಕ್ಕಿಂತ ಹೆಚ್ಚು. ನಾಣ್ಯ ಬದಲಾಗಲಿಲ್ಲ, ಕೈ ಬದಲಾಗಲಿಲ್ಲ; ಎಣಿಕೆ ಮಾತ್ರ ಬದಲಾಯಿತು.

ಈ ಚದರಿಕೆಯನ್ನು ಅಳೆಯಲು ಸಂಖ್ಯಾಶಾಸ್ತ್ರದಲ್ಲಿ ಮಾನಕ ವಿಚಲನೆ ಎಂಬ ಸಂಖ್ಯೆಯಿದೆ. ಪ್ರಶ್ನೆಗಳ ಸಂಖ್ಯೆ, ಉತ್ತರ ತಿಳಿದಿರುವ ಸಂಭವನೀಯತೆ, ತಿಳಿಯದಿರುವ ಸಂಭವನೀಯತೆ, ಈ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಅದು ದೊರೆಯುತ್ತದೆ. ಕೋಟೆಗೆ ೨೦ × ೦.೬ × ೦.೪ = ೪.೮, ವರ್ಗಮೂಲ ೨.೨. ಖಾನಾಪುರಕ್ಕೆ ೨೦ × ೦.೫ × ೦.೫ = ೫, ವರ್ಗಮೂಲ ಅದೂ ಹೆಚ್ಚುಕಡಿಮೆ ೨.೨. ಎರಡು ತಂಡಗಳ ಅಂಕಗಳ ಅಂತರದ ವಿಚಲನೆಯನ್ನು ಪಡೆಯಲು ೪.೮ ಮತ್ತು ೫ನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು, ಅದು ೩.೧.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ತಂಡಗಳ ನಡುವಣ ನಿಜವಾದ ಅಂತರ ೨ ಅಂಕ. ಅದೃಷ್ಟದಿಂದ ಬರುವ ಏರುಪೇರು ೩.೧ ಅಂಕ. ಅಳೆಯಬೇಕಾದ ವಸ್ತುವಿಗಿಂತ ಅಳತೆಯ ದೋಷವೇ ದೊಡ್ಡದಾಗಿದೆ! ಪೂರ್ಣ ಲೆಕ್ಕ ಹಾಕಿದರೆ ಇಂತಹ ನೂರು ಪಂದ್ಯಗಳಲ್ಲಿ ಸುಮಾರು ೬೯ನ್ನು ಕೋಟೆ ಗೆಲ್ಲುತ್ತದೆ. ಸುಮಾರು ೧೦ ಸಮವಾಗುತ್ತವೆ. ಸುಮಾರು ೨೧ರಲ್ಲಿ ಖಾನಾಪುರ ಗೆಲ್ಲುತ್ತದೆ. ಎಂದರೆ ಐದು ಪಂದ್ಯಗಳಲ್ಲಿ ಒಂದರಲ್ಲಿ, ನಿಜವಾಗಿ ಮೇಲಾದ ತಂಡವೇ ಸೋತು ಮನೆಗೆ ಹೋಗುತ್ತದೆ. ಅಂದು ಅವರ ತಿಳಿವಳಿಕೆಯೇನೂ ಕುಗ್ಗಿರಲಿಲ್ಲ.

ಸೋತವರು ಹೊರಗೆ ಎಂಬ ಪದ್ಧತಿಯಲ್ಲಿ ಇದರ ಪರಿಣಾಮ ಇನ್ನೂ ತೀವ್ರ. ಎಂಟು ತಂಡಗಳಿದ್ದಲ್ಲಿ ಏಳೇ ಪಂದ್ಯಗಳಲ್ಲಿ ಸ್ಪರ್ಧೆ ಮುಗಿಯುತ್ತದೆ. ಕಪ್ಪನ್ನು ಪಡೆಯಲು ಒಂದು ತಂಡ ಸಾಲಾಗಿ ಮೂರು ಪಂದ್ಯಗಳನ್ನು ಗೆಲ್ಲಬೇಕು. ಕೋಟೆಯ ಎದುರಿಗಿರುವ ಏಳು ತಂಡಗಳೂ ಖಾನಾಪುರದಷ್ಟೇ ಬಲವುಳ್ಳವು ಎಂದು ಭಾವಿಸಿ, ಸಮವಾದ ಪಂದ್ಯಗಳನ್ನು ಎರಡು ಕಡೆಗೂ ಸಮನಾಗಿ ಹಂಚಿದರೆ, ಒಂದು ಪಂದ್ಯವನ್ನು ಕೋಟೆ ದಾಟುವ ಸಂಭವನೀಯತೆ ಸುಮಾರು ೦.೭೪. ಮೂರನ್ನೂ ದಾಟಬೇಕಾದರೆ ೦.೭೪ನ್ನು ಮೂರು ಸಲ ಗುಣಿಸಬೇಕು. ಫಲ ಸುಮಾರು ೦.೪೦. ಎಲ್ಲರಿಗಿಂತ ಮೇಲಾದ ತಂಡಕ್ಕೆ ಕಪ್ಪು ದೊರೆಯುವುದಕ್ಕಿಂತ ದೊರೆಯದಿರುವ ಸಂಭವವೇ ಹೆಚ್ಚು! ಸಮಯ ಮತ್ತು ಹಣದ ಉಳಿತಾಯಕ್ಕಾಗಿ ಈ ಪದ್ಧತಿಯನ್ನು ಅನುಸರಿಸುತ್ತಾರೆ. ಆ ಉಳಿತಾಯಕ್ಕೆ ನಾವು ತೆರುವ ಬೆಲೆ ಇಷ್ಟು.

ವಾರವಾರದ ಆಟದಿಂದಾಗುವ ಲಾಭ

ಸರಳ ಲೋಲಕದ ಆಂದೋಲನ ಕಾಲವನ್ನು ಕಂಡುಹಿಡಿಯುವಾಗ ಒಂದೇ ಆಂದೋಲನವನ್ನು ಅಳೆದು ಬಿಡುವುದಿಲ್ಲ; ೨೦ ಆಂದೋಲನಗಳ ಕಾಲವನ್ನು ಅಳೆದು, ಅದನ್ನೂ ಎರಡು ಮೂರು ಸಲ ಪುನರಾವರ್ತಿಸಿ ಸರಾಸರಿ ತೆಗೆಯುತ್ತೇವೆ. ಇದರ ಹಿಂದಿರುವ ತತ್ತ್ವವನ್ನು ಗಣಿತದ ನೆಲೆಗಟ್ಟಿನ ಮೇಲೆ ನಿಲ್ಲಿಸಿದವನು ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೂಲಿ. ಅವನು ೧೭೦೫ರಲ್ಲಿ ತೀರಿಕೊಂಡನು. ಅವನ ಗ್ರಂಥ ಎಂಟು ವರ್ಷಗಳ ತರುವಾಯ ೧೭೧೩ರಲ್ಲಿ ಪ್ರಕಟವಾಯಿತು. ಪ್ರಯೋಗಗಳ ಸಂಖ್ಯೆ ಹೆಚ್ಚಿದಂತೆಲ್ಲ ಕಂಡ ಪ್ರಮಾಣವು ನಿಜವಾದ ಪ್ರಮಾಣಕ್ಕೆ ಸಮೀಪಿಸುತ್ತ ಹೋಗುವುದೆಂಬುದೇ ಅದರಲ್ಲಿರುವ ಪ್ರಸಿದ್ಧ ನಿಯಮ.

ನಮ್ಮ ಪಂದ್ಯಾವಳಿಗೆ ಇದನ್ನು ಅನ್ವಯಿಸೋಣ. ಏಳು ವಾರಗಳಲ್ಲಿ ಪ್ರತಿ ತಂಡಕ್ಕೂ ೧೪೦ ಪ್ರಶ್ನೆಗಳು ಬರುತ್ತವೆ. ಕೋಟೆಯ ನಿರೀಕ್ಷಿತ ಮೊತ್ತ ೮೪, ಖಾನಾಪುರದ್ದು ೭೦; ಅಂತರ ೧೪. ಈ ಅಂತರ ಮೊದಲಿನದಕ್ಕಿಂತ ಏಳು ಪಟ್ಟು ದೊಡ್ಡದು. ಏರುಪೇರು ಎಷ್ಟಾಯಿತು? ಅದು ಏಳು ಪಟ್ಟು ಬೆಳೆಯುವುದಿಲ್ಲ. ಏಳರ ವರ್ಗಮೂಲದಷ್ಟು, ಎಂದರೆ ಸುಮಾರು ೨.೬ ಪಟ್ಟು ಮಾತ್ರ ಬೆಳೆದು ೮.೩ ಆಗುತ್ತದೆ. ನಿಜವಾದ ಅಂತರವು ಈಗ ಏರುಪೇರಿನ ಮೇಲೆ ತಲೆಯೆತ್ತಿ ನಿಂತಿದೆ. ಒಟ್ಟು ಅಂಕಗಳಲ್ಲಿ ಖಾನಾಪುರವು ಕೋಟೆಯನ್ನು ಮೀರಿಸುವ ಸಂಭವ ನೂರಕ್ಕೆ ೨೧ರಿಂದ ನೂರಕ್ಕೆ ಸುಮಾರು ೪ಕ್ಕೆ ಇಳಿಯುತ್ತದೆ. ತಂಡಗಳು ಪರಸ್ಪರ ಎರಡೆರಡು ಸಲ ಆಡಿದರೆ ಅದು ನೂರಕ್ಕೆ ಒಂದಕ್ಕಿಂತಲೂ ಕಡಿಮೆಯಾಗುತ್ತದೆ. ಉಳಿದ ಏಳು ತಂಡಗಳೂ ಖಾನಾಪುರದ ಸಮಾನವೇ ಆಗಿದ್ದರೆ, ಒಟ್ಟು ಅಂಕಗಳ ಪಟ್ಟಿಯಲ್ಲಿ ಕೋಟೆ ಮೊದಲನೆಯದಾಗುವ ಸಂಭವ ನೂರಕ್ಕೆ ಸುಮಾರು ೮೦. ಅದೇ ತಂಡಗಳು, ಅದೇ ತಿಳಿವಳಿಕೆ. ಒಂದು ಪದ್ಧತಿಯಲ್ಲಿ ೪೦, ಇನ್ನೊಂದರಲ್ಲಿ ೮೦.

ಆದರೂ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬಾರದು. ಎಂಟು ತಂಡಗಳೂ ಎಲ್ಲ ಬಗೆಯಿಂದ ಸಮಬಲವಾಗಿದ್ದು, ಪ್ರತಿ ಪಂದ್ಯದ ಗೆಲವೂ ನಾಣ್ಯ ಚಿಮ್ಮಿದಂತೆ ನಿರ್ಧಾರವಾದರೆ ಏನಾಗುತ್ತದೆ? ಒಂದು ತಂಡದ ಏಳು ಪಂದ್ಯಗಳ ಫಲಗಳು ೧೨೮ ಬಗೆಗಳಲ್ಲಿ ಬರಬಹುದು. ಅವುಗಳಲ್ಲಿ ಏಳನ್ನೂ ಗೆಲ್ಲುವ ಬಗೆ ೧, ಆರನ್ನು ಗೆಲ್ಲುವ ಬಗೆಗಳು ೭, ಒಟ್ಟು ೮. ಎಂದರೆ ಹದಿನಾರಕ್ಕೆ ಒಂದು. ತಂಡಗಳು ಎಂಟಿರುವುದರಿಂದ, ಸರಾಸರಿಯಲ್ಲಿ ಎರಡು ಪಂದ್ಯಾವಳಿಗಳಿಗೆ ಒಂದು ತಂಡದಂತೆ ಆರು ಅಥವಾ ಏಳು ಗೆಲವುಗಳ ‘ಅಜೇಯ’ ತಂಡವೊಂದು ಕಾಣಿಸಿಕೊಳ್ಳುತ್ತದೆ. ಊರಿನವರು ಅದರ ಗೆಲವಿಗೆ ನೂರು ಕಾರಣಗಳನ್ನು ಹುಡುಕಿಯಾರು. ನಿಜವಾದ ಕಾರಣ ನಾಣ್ಯವಷ್ಟೆ. ಪಟ್ಟಿಯಲ್ಲಿ ಯಾರಾದರೂ ಒಬ್ಬರು ಮೇಲಿರಲೇಬೇಕು, ಯಾರಾದರೂ ಒಬ್ಬರು ಕೆಳಗಿರಲೇಬೇಕು. ಆದುದರಿಂದ ಸ್ಥಾನವನ್ನು ನೋಡುವುದಕ್ಕಿಂತ ಅಂಕಗಳ ಅಂತರವನ್ನೂ, ಆ ಅಂತರ ಎಷ್ಟು ಪ್ರಶ್ನೆಗಳಿಂದ ಬಂದುದೆಂಬುದನ್ನೂ ನೋಡುವುದು ಲೇಸು.

ನಾಲ್ಕು ತಲೆಗಳು

ತಂಡದ ಬಲವೆಂದರೇನು ಎಂಬುದನ್ನೂ ಇಲ್ಲಿ ಸ್ವಲ್ಪ ವಿಚಾರಿಸಬಹುದು. ನಾಲ್ವರ ತಂಡದಲ್ಲಿ ಪ್ರತಿಯೊಬ್ಬರೂ ನೂರಕ್ಕೆ ೩೦ ಪ್ರಶ್ನೆಗಳಿಗೆ ಮಾತ್ರ ಉತ್ತರ ಬಲ್ಲರು ಎನ್ನೋಣ. ಅವರ ತಿಳಿವಳಿಕೆಗಳು ಒಂದನ್ನೊಂದು ಅವಲಂಬಿಸಿಲ್ಲದಿದ್ದರೆ, ನಾಲ್ವರಲ್ಲಿ ಯಾರಿಗೂ ಉತ್ತರ ತಿಳಿಯದಿರುವ ಸಂಭವನೀಯತೆ ೦.೭ × ೦.೭ × ೦.೭ × ೦.೭, ಎಂದರೆ ೦.೨೪. ಹಾಗಾದರೆ ನೂರಕ್ಕೆ ೭೬ ಪ್ರಶ್ನೆಗಳಿಗೆ ಯಾರಾದರೊಬ್ಬರಿಗೆ ಉತ್ತರ ತಿಳಿದಿರುತ್ತದೆ! ಆದರೆ ನಾಲ್ವರೂ ಒಂದೇ ಪುಸ್ತಕವನ್ನು ಓದಿ ಒಂದೇ ಪುಟಗಳನ್ನು ಬಲ್ಲವರಾದರೆ ಆ ಸಂಖ್ಯೆ ೩೦ರಲ್ಲಿಯೇ ನಿಲ್ಲುತ್ತದೆ. ಆದುದರಿಂದ ತಂಡವನ್ನು ಕಟ್ಟುವಾಗ ತರಗತಿಯ ಮೊದಲ ನಾಲ್ಕು ಸ್ಥಾನದವರನ್ನೇ ಆರಿಸುವುದು ಜಾಣತನವಲ್ಲ. ಒಬ್ಬರಿಗೆ ಗಿಡಮರಗಳ ಪರಿಚಯ, ಇನ್ನೊಬ್ಬರಿಗೆ ಇತಿಹಾಸ, ಮತ್ತೊಬ್ಬರಿಗೆ ಕ್ರೀಡೆ, ಮಗದೊಬ್ಬರಿಗೆ ಯಂತ್ರಗಳ ಹುಚ್ಚು. ಇಂತಹ ತಂಡಕ್ಕೆ ಬಲ ಹೆಚ್ಚು. ಉತ್ತರ ತಿಳಿದವನು ಮೆಲುದನಿಯವನಾಗಿದ್ದು ತಿಳಿಯದವನು ಗಟ್ಟಿದನಿಯವನಾಗಿದ್ದರೆ ಈ ಲಾಭವೆಲ್ಲ ಕೈತಪ್ಪುವುದೆಂಬುದನ್ನೂ ತಂಡದ ನಾಯಕರು ನೆನಪಿಡಬೇಕು.

ಪುನರಾವರ್ತನೆಯಿಂದ ಹೋಗದ ದೋಷಗಳು

ಇದುವರೆಗೆ ಹೇಳಿದುದೆಲ್ಲ ಯಾದೃಚ್ಛಿಕ ದೋಷದ ಮಾತು. ಅದು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ವಾಲಿ, ಪುನರಾವರ್ತನೆಯಿಂದ ತಗ್ಗುತ್ತದೆ. ಪ್ರಯೋಗಶಾಲೆಯಲ್ಲಿ ಇನ್ನೊಂದು ಬಗೆಯ ದೋಷವೂ ಇದೆ. ವರ್ನಿಯರ್ ಕ್ಯಾಲಿಪರ್ಸಿನ ದವಡೆಗಳು ಕೂಡಿಕೊಂಡಿದ್ದಾಗಲೂ ಅದರ ಸೊನ್ನೆ ಮುಖ್ಯ ಮಾಪಕದ ಸೊನ್ನೆಯ ಮೇಲೆ ಕೂರದಿದ್ದರೆ ಅದಕ್ಕೆ ಶೂನ್ಯ ದೋಷ ಎನ್ನುತ್ತೇವಷ್ಟೆ. ಆ ಉಪಕರಣದಿಂದ ಸಾವಿರ ಸಲ ಅಳೆದರೂ ಸಾವಿರ ಸಲವೂ ಅದೇ ತಪ್ಪು ಬರುತ್ತದೆ. ಇದು ವ್ಯವಸ್ಥಿತ ದೋಷ. ಇದಕ್ಕೆ ಮದ್ದು ಪುನರಾವರ್ತನೆಯಲ್ಲ, ಉಪಕರಣವನ್ನು ತಿದ್ದುವುದು. ರಸಪ್ರಶ್ನೆಯಲ್ಲಿಯೂ ಇಂತಹ ದೋಷಗಳಿವೆ.

ಮೊದಲನೆಯದು ಕುಳಿತ ಸ್ಥಾನ. ಆರು ತಂಡಗಳು ಸಾಲಾಗಿ ಕುಳಿತು, ಒಬ್ಬರು ಉತ್ತರಿಸದ ಪ್ರಶ್ನೆ ಮುಂದಿನವರಿಗೆ ದಾಟುವ ಸ್ಪರ್ಧೆಯನ್ನು ಗಮನಿಸಿ. ನಿಮ್ಮ ಹಿಂದಿನ ತಂಡ ಹತ್ತರಲ್ಲಿ ಎಂಟು ಪ್ರಶ್ನೆಗಳನ್ನು ಉತ್ತರಿಸುವಂಥದಾದರೆ ನಿಮಗೆ ದಾಟಿ ಬರುವುದು ಎರಡೇ. ಅದು ಎರಡನ್ನು ಮಾತ್ರ ಉತ್ತರಿಸುವುದಾದರೆ ಎಂಟು. ನಿಮ್ಮ ಅಂಕಗಳು ನಿಮ್ಮ ತಿಳಿವಳಿಕೆಯಿಂದಲ್ಲದೆ ನೆರೆಯವರ ತಿಳಿವಳಿಕೆಯಿಂದಲೂ ನಿರ್ಧಾರವಾಗುತ್ತವೆ. ಸ್ಥಾನಗಳನ್ನು ಚೀಟಿ ಎತ್ತಿ ಹಂಚುವುದು, ಅರ್ಧ ಆಟ ಮುಗಿದ ಮೇಲೆ ಪ್ರಶ್ನೆ ಸಾಗುವ ದಿಕ್ಕನ್ನು ತಿರುಗಿಸುವುದು, ಉತ್ತರ ಕೊಟ್ಟವರ ಪಕ್ಕದವರಿಂದ ಮುಂದಿನ ಪ್ರಶ್ನೆಯನ್ನು ಆರಂಭಿಸುವುದು, ಇವು ಬಳಕೆಯಲ್ಲಿರುವ ಪರಿಹಾರಗಳು. ವಾರಕ್ಕೆರಡೇ ತಂಡಗಳು ಎದುರಾಗುವ ಲೀಗ್ ಪದ್ಧತಿಯಲ್ಲಿ ನೆರೆಯವರ ಈ ಪ್ರಭಾವವು ಏಳು ಎದುರಾಳಿಗಳಲ್ಲಿ ಹಂಚಿಹೋಗುತ್ತದೆ.

ಎರಡನೆಯದು ಗುಂಡಿ ಒತ್ತುವ ಸುತ್ತು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರು ಸಾಗುತ್ತದೆ. ಧ್ವನಿವರ್ಧಕಕ್ಕೆ ೧೦ ಮೀಟರು ಹೆಚ್ಚು ದೂರದಲ್ಲಿ ಕುಳಿತ ತಂಡ ಪ್ರತಿಯೊಂದು ಪದವನ್ನೂ ಸೆಕೆಂಡಿನ ನೂರರಲ್ಲಿ ಮೂರು ಪಾಲಿನಷ್ಟು ತಡವಾಗಿ ಕೇಳುತ್ತದೆ. ಶಬ್ದವನ್ನು ಕೇಳಿ ಬೆರಳನ್ನೊತ್ತಲು ಮನುಷ್ಯನಿಗೆ ಬೇಕಾಗುವ ಕಾಲವೇ ಸುಮಾರು ನೂರರಲ್ಲಿ ೧೫ರಿಂದ ೨೦ ಪಾಲು. ಅದರ ಮುಂದೆ ಈ ಮೂರು ಪಾಲು ಅಲ್ಪವಾದರೂ ಪ್ರತಿ ಸಲವೂ ಒಂದೇ ತಂಡದ ಮೇಲೆ ಬೀಳುವುದರಿಂದ ಉಪೇಕ್ಷಿಸತಕ್ಕದ್ದಲ್ಲ. ಎಲ್ಲರನ್ನೂ ಸಮದೂರದಲ್ಲಿ ಕೂರಿಸುವುದು ಕಷ್ಟದ ಕೆಲಸವೇನೂ ಅಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅದು ಪ್ರಶ್ನೆಯ ಭಾಷೆ ಮತ್ತು ಪ್ರಶ್ನೆ ಬಂದ ಜಗತ್ತು. ಬೆಳಗಾವಿ ಪ್ರದೇಶದಲ್ಲಿ ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ಮಾಧ್ಯಮಗಳ ಶಾಲೆಗಳು ಅಕ್ಕಪಕ್ಕದಲ್ಲಿವೆ. ಎಲೆಯು ಬಿಸಿಲಿನಿಂದ ಆಹಾರವನ್ನು ತಯಾರಿಸುವ ಕ್ರಿಯೆಯನ್ನು ‘ದ್ಯುತಿಸಂಶ್ಲೇಷಣೆ’ ಎಂದು ಕಲಿತ ವಿದ್ಯಾರ್ಥಿನಿಗೆ ಅದನ್ನೇ ಇಂಗ್ಲಿಷಿನಲ್ಲಿ, ಅದೂ ವೇಗವಾಗಿ ಓದಿದ ವಾಕ್ಯದಲ್ಲಿ ಕೇಳಿದರೆ ಅವಳು ಮೌನವಾಗಿ ಕುಳಿತಾಳು. ಅವಳಿಗೆ ಆ ಕ್ರಿಯೆ ಚೆನ್ನಾಗಿ ಗೊತ್ತು; ಅದನ್ನು ಓದಿಕೊಳ್ಳುವ ಶಕ್ತಿ ನಮ್ಮ ಉಪಕರಣಕ್ಕಿಲ್ಲ. ಏಳು ವಾರಗಳಲ್ಲ, ಎಪ್ಪತ್ತು ವಾರ ಆಡಿಸಿದರೂ ಈ ದೋಷ ತಗ್ಗುವುದಿಲ್ಲ. ಆಟ ಹೆಚ್ಚಿದಂತೆಲ್ಲ ಈ ತಪ್ಪು ಅಳತೆಯನ್ನೇ ಸತ್ಯವೆಂದು ನಾವು ಇನ್ನಷ್ಟು ಗಟ್ಟಿಯಾಗಿ ನಂಬುವ ಅಪಾಯವೂ ಇದೆ.

ಪ್ರಶ್ನೆಯ ಜಗತ್ತಿನ ವಿಷಯವೂ ಹಾಗೆಯೇ. ಮಲಪ್ರಭೆ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರೆ ಖಾನಾಪುರದ ಮಕ್ಕಳು ತಮ್ಮ ತಾಲ್ಲೂಕಿನ ಕಣಕುಂಬಿಯ ಹೆಸರನ್ನು ಥಟ್ಟನೆ ಹೇಳಿಯಾರು. ರಾಟನ್‌ನ ಹೆಸರಿನಿಂದ ಕರೆಯುವ ಅಪೂರ್ವವಾದ ಬಾವಲಿಯ ನೆಲೆ ಯಾವುದೆಂದರೆ ಭೀಮಗಡದ ಕಾಡಿನ ಬಾರಾಪೇಡೆ ಗುಹೆಗಳೆಂದು ಹೇಳುವವರೂ ಅವರಲ್ಲಿ ದೊರೆತಾರು. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು ೧೨೦೪ರಲ್ಲಿ ಕಟ್ಟಿಸಿದವನು ರಟ್ಟರ ಮಂತ್ರಿ ಬೀಚಿರಾಜನೆಂಬುದು ನಗರದ ತಂಡಕ್ಕೆ ಸುಲಭ. ವಿದೇಶದ ಚಲನಚಿತ್ರಗಳ ಪ್ರಶ್ನೆ ಇವರಿಬ್ಬರಿಗೂ ಕಠಿಣವಾಗಿ, ಮಹಾನಗರದ ತಂಡಕ್ಕೆ ನೀರು ಕುಡಿದಷ್ಟು ಸುಲಭವಾಗಬಹುದು. ಇವುಗಳಲ್ಲಿ ಯಾವುದೂ ಕೆಟ್ಟ ಪ್ರಶ್ನೆಯಲ್ಲ. ಆದರೆ ಪ್ರಶ್ನೆಗಳನ್ನು ವರ್ಷವಿಡೀ ಒಬ್ಬರೇ ಬರೆದರೆ ಅವರು ಕಂಡ ಜಗತ್ತೇ ಎಲ್ಲರ ಅಳತೆಗೋಲಾಗುತ್ತದೆ.

ದೋಷವನ್ನು ತಿದ್ದುವ ಬಗೆ

ಇದಕ್ಕೆ ಪರಿಹಾರವನ್ನು ಹೊಲಗದ್ದೆಗಳ ಪ್ರಯೋಗದಿಂದ ಕಲಿಯಬಹುದು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿ ಕೆಲಸ ಮಾಡಿದ ಆರ್. ಎ. ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞನು, ಎರಡು ಗೊಬ್ಬರಗಳನ್ನು ಹೋಲಿಸುವಾಗ ಯಾವ ಪಟ್ಟೆಗೆ ಯಾವ ಗೊಬ್ಬರವೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಬೇಕೆಂದು ವಾದಿಸಿ, ೧೯೩೫ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದನ್ನು ವಿವರಿಸಿದನು. ನೆಲದ ಫಲವತ್ತತೆಯಲ್ಲಿರುವ ಭೇದವನ್ನು ನಾವು ಅಳಿಸಲಾರೆವು. ಆದರೆ ಅದು ಯಾವಾಗಲೂ ಒಂದೇ ಗೊಬ್ಬರಕ್ಕೆ ಅನುಕೂಲವಾಗದಂತೆ ನೋಡಿಕೊಳ್ಳಬಲ್ಲೆವು. ಬೇರೆ ಮಾತಿನಲ್ಲಿ ಹೇಳುವುದಾದರೆ, ಪುನರಾವರ್ತನೆಗೆ ಬಗ್ಗದ ದೋಷವನ್ನು ಬಗ್ಗುವ ದೋಷವನ್ನಾಗಿ ಮಾರ್ಪಡಿಸಬಲ್ಲೆವು.

ರಸಪ್ರಶ್ನೆಯಲ್ಲಿಯೂ ಪ್ರತಿ ವಾರ ಬೇರೆಯವರು ಪ್ರಶ್ನೆಗಳನ್ನು ಬರೆಯಲಿ. ಯಾರ ಸರದಿ ಯಾವ ವಾರವೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡಲಿ. ಒಂದು ವಾರ ನಂದಗಡದ ಶಿಕ್ಷಕಿ, ಇನ್ನೊಂದು ವಾರ ಶಹಾಪುರದ ಗ್ರಂಥಪಾಲಕ, ಮತ್ತೊಂದು ವಾರ ಕಾಲೇಜಿನ ವಿದ್ಯಾರ್ಥಿ. ಆಗ ಒಬ್ಬೊಬ್ಬರ ಒಲವೂ ಒಂದೊಂದು ವಾರದ ಏರುಪೇರಾಗಿ ಸರಾಸರಿಯಲ್ಲಿ ಕರಗುತ್ತದೆ. ಭಾಷೆಯ ವಿಷಯದಲ್ಲಿ ಮಾತ್ರ ಚೀಟಿ ಎತ್ತುವುದು ಸಾಲದು, ಉಪಕರಣವನ್ನೇ ತಿದ್ದಬೇಕು. ಆಟಗಾರರು ಓದುವ ಎಲ್ಲ ಭಾಷೆಗಳಲ್ಲಿಯೂ ಪ್ರಶ್ನೆಯನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ ಎರಡು ತಂಡಗಳಿಗೂ ಕೊಡಬಹುದು. ಗಟ್ಟಿಯಾಗಿ ಓದುವುದಾದರೆ ಕೊನೆಯ ಭಾಷೆಯಲ್ಲಿ ಓದಿ ಮುಗಿದ ಮೇಲೆಯೇ ಗಡಿಯಾರವನ್ನು ಆರಂಭಿಸಬಹುದು. ಉತ್ತರವನ್ನು ಯಾವ ಭಾಷೆಯಲ್ಲಿ ಕೊಟ್ಟರೂ ಸ್ವೀಕರಿಸಬಹುದು. ಕನ್ನಡದಲ್ಲಿ ಕೇಳಿದ ಮಾತ್ರಕ್ಕೆ ಆಟದ ಗುಣ ಕುಗ್ಗುವುದಿಲ್ಲವೆಂಬುದಕ್ಕೆ ಚಂದನ ವಾಹಿನಿಯ ಕಾರ್ಯಕ್ರಮವೇ ಸಾಕ್ಷಿ.

ಹೆಚ್ಚು ಖರ್ಚಿಲ್ಲದೆ ನಾಲ್ಕಾರು ಶಾಲೆಗಳು ಕೂಡಿ ಇಂತಹ ಪಂದ್ಯಾವಳಿಯನ್ನು ನಡೆಸಬಹುದು. ಬೇಕಾಗುವುದು ಒಂದು ಕೊಠಡಿ, ಒಂದು ಗಡಿಯಾರ, ನಲವತ್ತು ಪ್ರಶ್ನೆಗಳ ಒಂದು ಹಾಳೆ ಮತ್ತು ಶನಿವಾರದ ಒಂದು ಮಧ್ಯಾಹ್ನ. ಬೆಳಗಾವಿಗೂ ಖಾನಾಪುರಕ್ಕೂ ಇರುವ ದೂರ ಸುಮಾರು ೨೫ ಕಿಲೋಮೀಟರು. ಆಡಿ ಸಂಜೆಯೊಳಗೆ ಮನೆ ಸೇರಬಹುದು. ಪಂದ್ಯಾವಳಿ ಪ್ರಾರಂಭವಾಗುವ ಮೊದಲು ವಾಚಕರು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಲಿ. ಖಾನಾಪುರದ ೨೦ ಪ್ರಶ್ನೆಗಳಿಗೆ ಒಂದು ನಾಣ್ಯವನ್ನು ೨೦ ಸಲ ಚಿಮ್ಮಿರಿ. ತಲೆಮುಖ ಬಂದರೆ ಸರಿಯುತ್ತರ. ಕೋಟೆಯ ೨೦ ಪ್ರಶ್ನೆಗಳಿಗೆ ಒಂದು ದಾಳವನ್ನು ಉರುಳಿಸಿರಿ. ೧, ೨, ೩ ಬಂದರೆ ಸರಿಯುತ್ತರ, ೪, ೫ ಬಂದರೆ ತಪ್ಪು, ೬ ಬಂದರೆ ಲೆಕ್ಕಕ್ಕಿಲ್ಲ, ಮತ್ತೆ ಉರುಳಿಸಿ. ಇಂತಹ ಹತ್ತಿಪ್ಪತ್ತು ಪಂದ್ಯಗಳನ್ನಾಡಿ ಫಲಗಳನ್ನು ಒಂದು ಪಟ್ಟಿಯಲ್ಲಿ ಬರೆದಿಡಿ. ದುರ್ಬಲ ತಂಡ ಎಷ್ಟು ಸಲ ಗೆಲ್ಲುತ್ತದೆಂಬುದನ್ನು ತಮ್ಮ ಕಣ್ಣಿನಿಂದಲೇ ಕಂಡವರು ಮುಂದೆಂದೂ ಒಂದು ಸಂಜೆಯ ಸೋಲಿನಿಂದ ತಮ್ಮನ್ನಾಗಲಿ ಇತರರನ್ನಾಗಲಿ ಅಳೆಯಹೋಗಲಾರರು. ಸೋತವರು ಮುಂದಿನ ವಾರವೂ ಬಂದು ಕುಳಿತುಕೊಳ್ಳಲಿ. ಏಕೆಂದರೆ ಅವರ ಅಳತೆ ಇನ್ನೂ ಮುಗಿದಿಲ್ಲ.